ಅವ್ವನ ಜೊತೆ ಕಾರು

ಕಾರಿನ ನಾಲ್ಕನೇ ಗಾಜು ಹೊರಗೆ ಬರುವ ಹೊತ್ತಿಗೆ ಮೊದಲನೆಯದು ಯಾವ ಬಾಗಿಲಿನದು ಎಂಬುದೇ ಬೋರಣ್ಣನಿಗೆ ಮರೆತುಹೋಗಿತ್ತು. ಹುಣಸೆಮರದ ನೆರಳಿನಲ್ಲಿ ಗೋಣಿತಾಟು ಹಾಸಿ ಮೂರನ್ನೂ ಸಾಲಾಗಿ ಮಲಗಿಸಿದ್ದ. ಈಗ ನಾಲ್ಕನೆಯದನ್ನು ಅವುಗಳ ಪಕ್ಕ ಇಟ್ಟು ನಿಂತುಕೊಂಡ. ಮುಂದಿನವೆರಡು ಒಂದೇ ಥರ, ಹಿಂದಿನವೆರಡು ಒಂದೇ ಥರ. ಎಡಗಡೆಯದು ಯಾವುದು, ಬಲಗಡೆಯದು ಯಾವುದು? ತಿರುಪುಗಳೆಲ್ಲ ಒಂದೇ ತಟ್ಟೆಯಲ್ಲಿ ಬಿದ್ದಿದ್ದವು. ಕಾರು ಓಡಿಸುವುದು ಅವನಿಗೆ ಗೊತ್ತಿತ್ತು, ಬಿಚ್ಚುವುದು ಗೊತ್ತಿರಲಿಲ್ಲ. ಗೊತ್ತಿಲ್ಲದ ಕೆಲಸವನ್ನು ಸಿಟ್ಟಿನಿಂದ ಮಾಡುವುದು ಅವನ ಅಭ್ಯಾಸ.

ಹಳೆಯ ರಬ್ಬರು ಗಾಜು ಜಾರುವ ಸಂದಿನಲ್ಲೇ ಒಣಗಿ ಸೀಳುಬಿಟ್ಟಿತ್ತು. ಎಳೆದರೆ ಪಟ್ಟಿಯಾಗಿ ಬರದೆ ಕರೀ ಪುಡಿಯಾಗಿ ಬೆರಳಿಗೆ ಅಂಟುತ್ತಿತ್ತು. ಅದನ್ನೆಲ್ಲ ಚೂರಿಯಿಂದ ಕೆರೆದು, ಜೆ.ಸಿ. ರೋಡಿನ ಬಿಡಿಭಾಗದ ಅಂಗಡಿಯಿಂದ ತಂದ ಹೊಸ ರಬ್ಬರನ್ನು ಅಳತೆಗೆ ಕುಯ್ದು, ಚಾಲಕನ ಬಾಗಿಲಿಗೆ ತುರುಕಿ, ತನಗೆ ಸರಿ ಎನಿಸಿದ ಗಾಜನ್ನು ಇಳಿಸಿದ. ಅದು ಅರ್ಧಕ್ಕೆ ಸಿಕ್ಕಿಕೊಂಡಿತು. ಮೇಲಕ್ಕೂ ಬರಲಿಲ್ಲ, ಕೆಳಕ್ಕೂ ಹೋಗಲಿಲ್ಲ.

ಹೆಂಡತಿ ಮಂಗಮ್ಮ ಹೊಸಿಲ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. "ಒಂದು ತಿಂಗಳು ಗಾಜು ಗಡಗಡ ಅಂತಿತ್ತು. ಆಗ ನಿಮ್ಮ ಕೈಗೆ ಏನಾಗಿತ್ತು? ಇವತ್ತು ತಮ್ಮನಿಗೆ ಕೊಡೋ ದಿವಸ ಬಿಚ್ಕೊಂಡು ಕೂತಿದ್ದೀರ."

"ಅವ್ವನ ಕಿವಿಗೆ ಗಾಳಿ ಹೊಡೀತೈತೆ ಕಣೆ. ನಿನ್ನೆ ಬೇಗೂರಿಂದ ಬರೋವಾಗ ಎಷ್ಟು ಕೆಮ್ಮಿದ್ಲು, ನೋಡ್ಲಿಲ್ವಾ?"

"ನೋಡ್ದೆ. ಇನ್ನು ಕೆಮ್ಮೋದು ಚಿಕ್ಕಲಸಂದ್ರದಲ್ಲಿ ತಾನೆ? ತಮ್ಮನಿಗೆ ಬೆಚ್ಚಗೆ ಮಾಡಿ ಕಳಿಸ್ತಿದ್ದೀರಾ?"

"ಸುಮ್ನೆ ಕಾಯಿ ಸುಲಿ" ಎಂದು ಗದರಿದ. ಆದರೆ ಮಾತು ಒಳಗೆ ಉಳಿಯಿತು. ತಿಂಗಳೆಲ್ಲ ಬಿಟ್ಟು ಇವತ್ತೇ ಯಾಕೆ ಬಿಚ್ಚಿದೆ? ಅವ್ವನ ಕೆಮ್ಮು ನಿಜ. ಗಾಳಿ ನಿಜ. ರಬ್ಬರು ತಂದು ಹದಿನೈದು ದಿನವಾಗಿತ್ತು ಎಂಬುದೂ ನಿಜ.

ಅಪ್ಪ ಚಿಕ್ಕಬೈರಪ್ಪ ಆ ಲ್ಯಾಂಡ್‌ಮಾಸ್ಟರ್ ಕಾರನ್ನು ಕೊಂಡದ್ದು, ಸಾರಕ್ಕಿಯ ಮೇಲಿನ ಹೊಲ ಜಯನಗರದ ಬಡಾವಣೆಗೆ ಹೋಗಿ ಪರಿಹಾರದ ದುಡ್ಡು ಬಂದ ವರ್ಷ. ಆಗಲೇ ಅದು ಯಾರೋ ಓಡಿಸಿ ಬಿಟ್ಟಿದ್ದ ಗಾಡಿ. ಅಪ್ಪ ಸತ್ತ ಮೇಲೆ ಬೋರಣ್ಣನಿಗೂ ತಮ್ಮ ರಾಮಯ್ಯನಿಗೂ ಆಸ್ತಿ ಪಾಲಾಯಿತು. ಉಳಿದ ಹೊಲ, ದನ, ಕೊಪ್ಪರಿಗೆ, ಒರಳುಕಲ್ಲು ಎಲ್ಲ ಎರಡು ಭಾಗವಾದವು. ಭಾಗವಾಗದೆ ಉಳಿದದ್ದು ಎರಡೇ, ಅವ್ವ ಮತ್ತು ಕಾರು. ಪಂಚಾಯಿತಿಗೆ ಕೂತಿದ್ದ ತಿಮ್ಮರಾಯಪ್ಪ ತುಂಬ ಹೊತ್ತು ಯೋಚಿಸಿ, "ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಅವ್ವ ಯಾರ ಮನೇಲಿರ್ತಾಳೋ ಕಾರೂ ಅಲ್ಲೇ ಇರ್ಲಿ. ವಯಸ್ಸಾದೋಳು, ಆಸ್ಪತ್ರೆಗೆ, ದೇವಸ್ಥಾನಕ್ಕೆ ಬೇಕಾಗ್ತೈತೆ" ಎಂದಿದ್ದ. ಎಲ್ಲರೂ ತಲೆದೂಗಿದ್ದರು. ಅವತ್ತು ಅದು ಬುದ್ಧಿವಂತರ ಮಾತಿನಂತೆ ಕೇಳಿಸಿತ್ತು.

ರಾಮಯ್ಯ ಹೆಂಡತಿಯ ಕಡೆಯ ಜಮೀನು ನೋಡಿಕೊಂಡು ಚಿಕ್ಕಲಸಂದ್ರದಲ್ಲಿ ಮನೆ ಮಾಡಿದ. ಕಾರಿದ್ದ ತಿಂಗಳು ಸಾರಕ್ಕಿಯವರ ಬಾಯಲ್ಲಿ ಇವನು ಕಾರ್ ಬೋರಣ್ಣ, ಇಲ್ಲದ ತಿಂಗಳು ಬರೀ ಬೋರಣ್ಣ. ಆ ತಿಂಗಳು ಉಂಡ ಅನ್ನ ಮೈಗೆ ಹತ್ತುತ್ತಿರಲಿಲ್ಲ. ಎಲ್ಲೋ ಖಾಲಿ ಅನಿಸುತ್ತಿತ್ತು. ಖಾಲಿಯಾಗಿರುವುದು ಮನೆಯ ಒಳಗೋ ಅಂಗಳವೋ ಎಂದು ಅವನು ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ಗಾಜು ಇನ್ನೂ ಸಿಕ್ಕಿಕೊಂಡಿರುವಾಗಲೇ ರಾಮಯ್ಯ ಹೊಲದ ದಾರಿಯಲ್ಲಿ ನಡೆದು ಬಂದ. ಗೋಣಿತಾಟಿನ ಹತ್ತಿರ ನಿಂತು ಪಂಚೆ ಎತ್ತಿ ಕಟ್ಟಿದ.

"ಏನಣ್ಣ, ಕುರಿ ಕುಯ್ದಂಗೆ ಹರವಿದ್ದೀಯ?"

"ರಬ್ಬರು ಹಾಕ್ತಿದ್ದೀನಿ. ನಾಳಿದ್ದು ಬಾ."

"ನಾಳಿದ್ದು ಯಾಕೆ? ಇವತ್ತು ಪಾಡ್ಯ."

"ಪಾಡ್ಯ ನನಗೂ ಗೊತ್ತು. ಕಣ್ಣಿಲ್ವಾ ನಿನಗೆ?"

"ಐತೆ. ಹೋದ ಸಲ ಬಂದಾಗ ಬ್ಯಾಟ್ರಿ ವೀಕು ಅಂದೆ. ಅದಕ್ಕೆ ಮುಂಚೆ ಅವ್ವನಿಗೆ ಜ್ವರ ಅಂದೆ. ಈಗ ರಬ್ಬರು."

"ಬ್ಯಾಟ್ರಿ ವೀಕಾಗಿರ್ಲಿಲ್ವಾ? ಅವ್ವನಿಗೆ ಜ್ವರ ಇರ್ಲಿಲ್ವಾ? ನಾನು ಸುಳ್ಳು ಹೇಳಿದ್ನಾ?"

"ಸುಳ್ಳು ಅಂತ ನಾನೆಲ್ಲಂದೆ?" ಎಂದ ರಾಮಯ್ಯ.

ಬೋರಣ್ಣನಿಗೆ ಮೈ ಉರಿಯಿತು. ಸುಳ್ಳು ಎಂದಿದ್ದರೆ ಕಪಾಳಕ್ಕೆ ಬಿಡಬಹುದಿತ್ತು. ಇವನು ಅದನ್ನೂ ಹೇಳುವುದಿಲ್ಲ. ಅವನು ಸಿಕ್ಕಿಕೊಂಡಿದ್ದ ಗಾಜನ್ನು ಎರಡೂ ಅಂಗೈಯಿಂದ ಒತ್ತಿದ. ಗಾಜು ಕಿರುಗುಟ್ಟಿತೇ ಹೊರತು ಅಲುಗಲಿಲ್ಲ.

ಅಷ್ಟರಲ್ಲಿ ಅವ್ವ ಮುನಿವೆಂಕಟಮ್ಮ ಹೊರಗೆ ಬಂದಳು. ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು, ಎಲೆಅಡಿಕೆ ಹಾಕಿಕೊಂಡು ಹೊರಡಲು ಸಿದ್ಧವಾಗಿದ್ದಳು. ಜಗಲಿಯ ಮೇಲೆ ಕೂತು ಬಾಗಿಲು ತೆರೆದು ನಿಂತ ಕಾರನ್ನು ನೋಡಿದಳು. ಆಮೇಲೆ ಮಕ್ಕಳನ್ನು ನೋಡಿದಳು.

"ಕಾರು ಹೋಗಂಗಿಲ್ಲ ಅಂದ್ರೆ ನಾನೂ ಹೋಗಂಗಿಲ್ವೇನೋ, ಬೋರ?"

"ಹಂಗಲ್ಲ ಕಣವ್ವ. ಎರಡು ದಿನ ತಡ, ಅಷ್ಟೆ."

"ನಾನು ನಡ್ಕೊಂಡೇ ಹೋಗ್ಬಹುದಲ್ಲ. ಅವನು ನಡ್ಕೊಂಡೇ ಬಂದವ್ನೆ."

"ಈ ವಯಸ್ಸಿನಲ್ಲಿ ಅಷ್ಟು ದೂರ ನಡೀತೀಯಾ ಅವ್ವ?" ಎಂದ ರಾಮಯ್ಯ. "ಕಾರಿನ ಜೊತೇನೇ ಬರಬೇಕು ಅಂತ ಮಾತಾಗೈತೆ."

"ಕಾರಿನ ಜೊತೆ." ಅವ್ವ ಎದ್ದು ಹೋಗಿ ಬೇಲಿಯ ಬುಡಕ್ಕೆ ಉಗಿದು ಬಂದು ಕೂತಳು. "ಸರಿ, ಒಂದು ಮಾತು ಕೇಳ್ತೀನಿ, ಇಬ್ರೂ ಹೇಳಿ. ಕಾರು ಒಬ್ಬನಿಗೆ, ನಾನು ಒಬ್ಬನಿಗೆ. ಇವತ್ತಿಂದ್ಲೇ. ಯಾರಿಗೆ ಯಾವುದು ಬೇಕು?"

ಮಂಗಮ್ಮನ ಕೈಯಲ್ಲಿದ್ದ ಕಾಯಿ ಹಾಗೇ ನಿಂತಿತು.

"ಪಂಚಾಯ್ತಿಯೋರು ಹೇಳಿರೋದು..." ರಾಮಯ್ಯ ಶುರುಮಾಡಿದ.

"ಪಂಚಾಯ್ತಿಯೋರು ಇಲ್ಲಿಲ್ಲ. ಹೇಳ್ರೋ. ಕಡ್ಲೆಕಾಯಿ ಧಾರಣೆ ಕೇಳಿದ್ರೆ ಇಬ್ರೂ ತಟ್ ಅಂತ ಹೇಳ್ತೀರ."

ರಾಮಯ್ಯ ಅಣ್ಣನ ಮುಖ ನೋಡಿದ. ಅಣ್ಣ ಕೈಯಲ್ಲಿದ್ದ ರಬ್ಬರಿನ ತುಂಡು ನೋಡಿದ. ಮಂಗಮ್ಮ ಹೊಸಿಲಿನಿಂದಲೇ ಗಂಡನಿಗೆ ಕಣ್ಣುಸನ್ನೆ ಮಾಡಿದಳು. ಹೂಂ ಎನ್ನು ಎಂದಳೋ ಬೇಡ ಎಂದಳೋ, ಯಾವುದಕ್ಕೆ ಹೂಂ, ಯಾವುದಕ್ಕೆ ಬೇಡ, ಬೋರಣ್ಣನಿಗೆ ತಿಳಿಯಲಿಲ್ಲ. ಅವ್ವ ಬೇಕು ಎನ್ನುವುದು ಎಷ್ಟು ಹೊತ್ತಿನ ಮಾತು? ಆದರೂ ಅವನು ಯೋಚನೆಗೆ ಬಿದ್ದ. ಅವ್ವನಿದ್ದು ಕಾರಿಲ್ಲದ ಮನೆಯನ್ನು ನೆನೆದ. ಕಾರಿದ್ದು ಅವ್ವನಿಲ್ಲದ ಮನೆಯನ್ನು ನೆನೆದ. ಎರಡೂ ಅವನು ಎಂದೂ ಕಾಣದ ಮನೆಗಳು, ಯಾರದೋ ಮನೆಗಳು.

"ಹಂಗೆಲ್ಲ ಕೇಳ್ಬಾರ್ದು ಕಣವ್ವ" ಎಂದ ರಾಮಯ್ಯ, ಮೆಲ್ಲಗೆ. "ಎರಡೂ ಒಂದೇ ಅಂತ ಆಗೋಗೈತೆ."

"ಅದಕ್ಕೇ ಕಣೋ ಕೇಳ್ತಿರೋದು."

ಬೋರಣ್ಣ ಇನ್ನು ತಡೆಯದಾದ. ರಬ್ಬರನ್ನು ನೆಲಕ್ಕೆ ಬಡಿದ.

"ತಗೊಂಡೋಗೋ ಕಾರ್ನ. ಈಗ್ಲೇ ತಗೊಂಡೋಗು. ನನ್ನ ಕಣ್ಣಿಗೆ ಕಾಣ್ಬಾರ್ದು ಅದು."

"ಅವ್ವನ್ನ?"

"ಅವ್ವ ಇಲ್ಲಿರ್ತಾಳೆ."

ಅದು ಸಿಟ್ಟಿನ ಮಾತೋ ಮನಸ್ಸಿನ ಮಾತೋ ಅವನಿಗೇ ಗೊತ್ತಾಗಲಿಲ್ಲ. ಬಾಯಿಂದ ಹೊರಬಿದ್ದಿತ್ತು. ಅವ್ವ ಅವನ ಕಡೆ ತಿರುಗದೆ ಕಿರಿಯ ಮಗನನ್ನೇ ನೋಡುತ್ತಿದ್ದಳು. ರಾಮಯ್ಯನ ಬಾಯಿ ತೆರೆಯಿತು. ಏನೋ ಹೇಳುವವನಂತೆ ಒಂದು ಹೆಜ್ಜೆ ಜಗಲಿಯ ಕಡೆ ಇಟ್ಟ. ಆಮೇಲೆ, "ಬೀಗದ ಕೈ ಎಲ್ಲೈತೆ?" ಎಂದು ಕೇಳಿದ.

"ಅದರಲ್ಲೇ ಐತೆ."

ಹೊರಗಿದ್ದ ಮೂರು ಗಾಜುಗಳನ್ನು ಗೋಣಿಯಲ್ಲಿ ಸುತ್ತಿ ಹಿಂದಿನ ಸೀಟಿನ ಮೇಲೆ ಇಡಬೇಕಾಯಿತು. ಒಬ್ಬನಿಂದ ಆಗುವ ಕೆಲಸವಲ್ಲ. ಬೋರಣ್ಣ ಕರೆಯದೆಯೇ ಹೋಗಿ ಇನ್ನೊಂದು ತುದಿ ಹಿಡಿದ. "ನಿಧಾನ" ಎಂದ ಒಬ್ಬ. "ಹೂಂ" ಎಂದ ಇನ್ನೊಬ್ಬ. ಬಾಗಿಲುಗಳಿಂದ ಬಿಚ್ಚಿದ್ದ ಒಳಹಲಗೆ, ಹಿಡಿ, ತಿರುಪಿನ ತಟ್ಟೆ, ಹೊಸ ರಬ್ಬರಿನ ಸುರುಳಿ ಎಲ್ಲ ಅವ್ವ ಕೂರುತ್ತಿದ್ದ ಜಾಗದಲ್ಲಿ ತುಂಬಿದವು.

ಕಾರು ಹೊರಟಿತು. ಕರೀ ಪುಡಿ ಮೆತ್ತಿ ಮಸುಕಾಗಿ ಅರ್ಧಕ್ಕೆ ನಿಂತಿದ್ದ ಗಾಜಿನ ಮೇಲಿಂದ ರಾಮಯ್ಯನ ತಲೆ ಮಾತ್ರ ಕಾಣುತ್ತಿತ್ತು. ಹಿಂದೆ ಎದ್ದ ಧೂಳು ಅಂಗಳಕ್ಕೂ ಬಂತು. ಮಂಗಮ್ಮ ಅವರೆಕಾಳಿನ ಮೊರಕ್ಕೆ ಸೆರಗು ಮುಚ್ಚಿದಳು.

"ಒಳಗೆ ನಡಿ ಅವ್ವ, ಬಿಸಿಲೇರ್ತಾ ಐತೆ" ಎಂದ ಬೋರಣ್ಣ. ಅವ್ವ ಏಳಲಿಲ್ಲ.

ಕೆರೆ ಏರಿಯ ತಿರುವಿನಲ್ಲಿ ಕಾರು ನಿಂತಿತು.

"ಕೆಟ್ಟೋಯ್ತೇನೋ" ಎಂದಳು ಮಂಗಮ್ಮ.

ಬೋರಣ್ಣ ಕಿವಿಗೊಟ್ಟ. ಕೆಟ್ಟಿರಲಿಲ್ಲ. ಇಂಜಿನ್ನಿನ ಸದ್ದು ಇಲ್ಲಿಯವರೆಗೂ ಕೇಳುತ್ತಿತ್ತು. ಚಾಲಕನ ಬಾಗಿಲು ತೆರೆದುಕೊಂಡಿತು, ರಾಮಯ್ಯ ತಲೆ ಹೊರಹಾಕಿ ಮನೆಯ ಕಡೆ ನೋಡಿದ, ಇಳಿಯಲಿಲ್ಲ. ಅವ್ವ ಹಣೆಗೆ ಕೈ ಅಡ್ಡ ಹಿಡಿದು ಆ ಕಡೆಯೇ ನೋಡುತ್ತಿದ್ದಳು. ಧೂಳು ಪೂರ್ತಿ ಇಳಿದು ಏರಿಯ ಮೇಲಿನ ದಾರಿ ತಿಳಿಯಾಯಿತು. ಕಾರು ಮುಂದಕ್ಕೂ ಹೋಗಲಿಲ್ಲ, ಹಿಂದಕ್ಕೂ ಬರಲಿಲ್ಲ, ಬಾಗಿಲು ತೆರೆದುಕೊಂಡೇ ಗುಡುಗುಡು ಎನ್ನುತ್ತ ನಿಂತಿತ್ತು.