ಒಂಟಿಕಾಲಿನ ಹಕ್ಕಿ

ನಾನು ಬರೆದ ಮೂವತ್ತು ಲೋಗೋಗಳನ್ನೂ ಮಕ್ಕಳ ಬಟ್ಟೆ ಕಂಪನಿಯ ಒಡತಿ ಮೂಗು ಮುರಿದು ಪಕ್ಕಕ್ಕೆ ತಳ್ಳಿದ್ದರು. "ಒಂದ್ಸಲ ನೋಡಿದ್ರೆ ಮರೀಬಾರದು" ಎನ್ನುವುದೊಂದೇ ಅವರ ರಾಗ. ತಲೆ ಕೆರೆದುಕೊಂಡು ಸಾಕಾಗಿ, ಮೂವತ್ತೊಂದನೆಯದಾಗಿ ಒಂಟಿಕಾಲಿನ ಕೆಂಪು ಹಕ್ಕಿಯೊಂದನ್ನು ಬರೆದುಕೊಟ್ಟೆ. ಶಾಲೆಯಲ್ಲಿ ನನ್ನ ಅಂಗಿ ಅದಲುಬದಲಾಗದಿರಲೆಂದು ಅಮ್ಮ ಕಾಲರಿನ ಒಳಗೆ ಹೊಲಿಯುತ್ತಿದ್ದ ಹಕ್ಕಿ ಅದು. "ಒಂಟಿಕಾಲು ಮಗುವಿನ ಮೊದಲ ಹೆಜ್ಜೆಯ ಸಂಕೇತ" ಎಂದು ಮೀಟಿಂಗಿನಲ್ಲಿ ಮಾನಗೆಟ್ಟವನ ಹಾಗೆ ಕೊರೆದೆ. ಎಲ್ಲರೂ ತಲೆದೂಗಿದರು. "ಹೇಗೆ ಹೊಳೀತು?" ಎಂದು ಒಡತಿ ಕೇಳಿದಾಗ, "ತಾನಾಗೇ ಬಂತು" ಎಂದೆ. ಅದಕ್ಕೊಂದು ಪ್ರಶಸ್ತಿಯೂ ಬಂತು. ಅಮ್ಮನಿಗೆ ಮಾತ್ರ ಹೇಳಲಿಲ್ಲ.

ಮೊನ್ನೆ ಅಮ್ಮ ಮೊಮ್ಮಗಳಿಗೆಂದು ಫ್ರಾಕು ತಂದಳು. ಅಂಗಡಿಯವರು ಕೊಟ್ಟ ಚೀಲವನ್ನು ಮೇಜಿನ ಮೇಲೆ ಹರಡಿ, ಕನ್ನಡಕ ಏರಿಸಿಕೊಂಡು ನೋಡಿದಳು.

"ಇದು ನನ್ನ ಹಕ್ಕಿ ಕಣೋ. ಆವತ್ತು ದಾರ ಸಾಲದೆ ಇನ್ನೊಂದು ಕಾಲು ಬಿಟ್ಟಿದ್ದೆ, ಆಮೇಲೆ ಅದೇ ಅಭ್ಯಾಸ ಆಯ್ತು. ಇವರೂ ಬಿಟ್ಟಿದ್ದಾರೆ ನೋಡು."

ಬಾಯಿ ಬಿಟ್ಟರೆ ಸಿಕ್ಕಿಬೀಳುತ್ತೇನೆಂದು ಖಾಲಿ ಲೋಟವನ್ನೇ ತುಟಿಗಿಟ್ಟುಕೊಂಡು ಕುಳಿತೆ.

"ನಿನ್ನ ಜೊತೆ ಓದಿದೋರು ಯಾರೋ ನೋಡ್ಕೊಂಡಿರ್ಬೇಕು. ಹೋಗ್ಲಿ ಬಿಡು. ಪಾಪ, ಅವನ ತಲೆಗೆ ಸ್ವಂತದ್ದು ಏನೂ ಹೊಳೆದಿಲ್ಲ."

ಆಮೇಲೆ ಕತ್ತರಿ ತಂದು ಚೀಲದಿಂದ ಹಕ್ಕಿಯನ್ನು ನೀಟಾಗಿ ಕತ್ತರಿಸಿ ನನ್ನ ಕೈಗಿಟ್ಟಳು.

"ಆಫೀಸಲ್ಲಿ ನಿನ್ನ ಮೇಜಿನ ಮುಂದೆ ಅಂಟಿಸ್ಕೋ. ಯಾರಾದ್ರೂ ಕೇಳಿದ್ರೆ, ನಮ್ಮಮ್ಮಂದು ಅಂತ ಹೇಳು."