ನಲವತ್ತೊಂದನೇ ಬದಲಾವಣೆ

ಶನಿವಾರ ಹನ್ನೊಂದು ಗಂಟೆಗೆ ಮೇಲಧಿಕಾರಿ ಮುರಳೀಕೃಷ್ಣ ಶುಭಾಳನ್ನು ತನ್ನ ಕೋಣೆಗೆ ಕರೆಸಿ, ತಾನೇ ಎದ್ದು ಬಾಗಿಲು ಮುಚ್ಚಿ, "ಕೂತ್ಕೊಳಮ್ಮ ಶುಭಾ" ಅಂದಾಗ ಅವಳು ಕುರ್ಚಿಯ ಅಂಚಿನಲ್ಲಿ ಕೂತಳು. ಅವಳ ಹನ್ನೊಂದು ವರ್ಷದ ನೌಕರಿಯಲ್ಲಿ ಆ ಮನುಷ್ಯ ಕೈಕೆಳಗಿನ ಯಾರಿಗೂ ಕುರ್ಚಿ ತೋರಿಸಿದವನಲ್ಲ.

ಮೇಜಿನ ಮೇಲೆ ಒಂದು ಫೋಟೋ ಇತ್ತು. ಲಗ್ಗೆರೆಯ ಯಾವುದೋ ಶೆಡ್ಡಿನ ಪವರ್ ಪ್ರೆಸ್ಸು. ತಗಡನ್ನು ಕತ್ತರಿಸಿ ಬಗ್ಗಿಸುವ ಯಂತ್ರ. ಮುಂದೆ ಎರಡು ಹಸಿರು ಗುಂಡಿ. ಎರಡೂ ಕೈಯಿಂದ ಎರಡನ್ನೂ ಒಟ್ಟಿಗೆ ಒತ್ತಿದರಷ್ಟೇ ಮೇಲಿನ ಭಾರ ಕೆಳಗಿಳಿಯಬೇಕು. ಬಲಗಡೆಯ ಗುಂಡಿ ಸದಾ ಒತ್ತಿಯೇ ಇರುವಂತೆ ಅದರ ಮೇಲೆ ಅಡ್ಡಡ್ಡ ಕರೀ ಟೇಪು ಬಿಗಿದಿತ್ತು.

"ನೋಡು. ಈ ಪ್ರೆಸ್ಸು ನಡೆಸೋ ಹುಡುಗಿ ತಾನೇ ಟೇಪ್ ಹಾಕ್ಕೊಂಡಿದಾಳೆ. ನಾಲ್ಕು ಬೆರಳು ಹೋಗಿದೆ, ಪಾಪ, ಇಲ್ಲ ಅನ್ನಲ್ಲ. ಆದ್ರೆ ತಪ್ಪು ಅವಳದ್ದೇ ತಾನೆ?"

ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನ ಆ ಮೂರನೇ ಮಹಡಿಯಲ್ಲಿ ಕೂತು, ಅಂಥ ಪ್ರೆಸ್ಸುಗಳನ್ನು ನಡೆಸುವ ಪ್ರೋಗ್ರಾಮನ್ನು ಮಾಡಿಕೊಡುವ ಕಂಪನಿ ಅವರದ್ದು.

"ಸೋಮವಾರ ಮೂರು ಗಂಟೆಗೆ ಫ್ಯಾಕ್ಟರಿ ಇನ್‌ಸ್ಪೆಕ್ಟರ್ ಬರ್ತಾರೆ. ಪ್ರೋಗ್ರಾಮಲ್ಲಿ ನಾವು ಮಾಡಿದ ಬದಲಾವಣೆಗಳ ಪಟ್ಟಿ ಕೇಳಿದಾರೆ. ಅದರಲ್ಲಿ ನಲವತ್ತೊಂದನೇದು ಒಂದಿದೆಯಲ್ಲ, ಅದು ಬೇಡ. ಪಟ್ಟಿ ತಿದ್ದೋ ಅಧಿಕಾರ ಇರೋದು ನಿನ್ನೊಬ್ಬಳಿಗೇ."

"ಸಾರ್, ಅದನ್ನ ನೀವೇ ಹೇಳಿ ಮಾಡ್ಸಿದ್ದು..."

"ನಾನು ಹೇಳಿದ್ದು ಎಲ್ಲಿದೆ?" ಅವನು ನಕ್ಕ. ಕೆಟ್ಟ ನಗೆಯೇನಲ್ಲ, ಮನೆಯ ಹಿರಿಯನ ನಗೆ. "ಅಲ್ಲಿ ಇರೋದು ನಿನ್ನ ಹೆಸರು ಕಣಮ್ಮ. ನಿನ್ನ ಒಳ್ಳೇದಕ್ಕೇ ಹೇಳ್ತಾ ಇದೀನಿ."

ಆ ಕಂಪನಿಯಲ್ಲಿ ನಡೆದುಬಂದ ಪದ್ಧತಿ ಅದು. ಮೇಲಿನವರು ಕೆಲಸವನ್ನು ಬಾಯಲ್ಲಿ ಹೇಳುತ್ತಾರೆ, ಚಹಾ ಕುಡಿಯುತ್ತ, ಲಿಫ್ಟಿನಲ್ಲಿ, ಕಾರಿನ ಬಾಗಿಲು ಹಾಕುತ್ತ. ಬರೆಯುವುದಿಲ್ಲ. ಮಾಡಿದ್ದನ್ನು ಪಟ್ಟಿಯಲ್ಲಿ ಬರೆಯುವುದು ಕೆಳಗಿನವರು; ಬರೆದವರ ಹೆಸರನ್ನು ಕಂಪ್ಯೂಟರು ತಾನಾಗಿ ಪಕ್ಕದಲ್ಲಿ ಕೂರಿಸುತ್ತದೆ. ಹೇಳಿದವನಿಗೆ ಅಲ್ಲಿ ಜಾಗವೇ ಇಲ್ಲ. ಹನ್ನೊಂದು ವರ್ಷ ಶುಭಾಳಿಗೆ ಇದೊಂದು ಹೆಮ್ಮೆಯ ಸಂಗತಿಯಾಗಿತ್ತು: ಪಟ್ಟಿಯ ತುಂಬ ತನ್ನ ಹೆಸರು!

ಅವಳ ಕೆಲಸ ಹೊರಗಿನವರಿಗೆ ವಿವರಿಸುವುದು ಕಷ್ಟ. ಅತ್ತಿಗುಪ್ಪೆಯ ಮನೆಯಲ್ಲಿ ಅವಳ ಅತ್ತೆ ಸೀತಮ್ಮನಿಗೆ ಇವತ್ತಿಗೂ ಅದು ಗೊತ್ತಾಗಿಲ್ಲ. ಪ್ರೋಗ್ರಾಂ ಒಂದೇ ಮುದ್ದೆಯಾಗಿ ಹುಟ್ಟುವುದಿಲ್ಲ. ಬೇರೆಬೇರೆಯವರು ಬರೆದ ಮುನ್ನೂರು ಫೈಲುಗಳನ್ನು ಒಂದೊಂದಾಗಿ ಯಂತ್ರದ ಭಾಷೆಗೆ ತಿರುಗಿಸಿ, ಆ ತುಣುಕುಗಳನ್ನು ಸೇರಿಸಿ ಕಟ್ಟಬೇಕು. ಕಟ್ಟುವ ಸಾಧನವೇ ಬಿಲ್ಡ್ ಟೂಲ್. ಅದು ಶುಭಾಳ ವಶದಲ್ಲಿತ್ತು. ಪ್ರತಿ ಸಲ ಮುನ್ನೂರನ್ನೂ ತಿರುಗಿಸುತ್ತ ಕೂತರೆ ಅರ್ಧ ದಿನ ಹಾಳು. ಆದ್ದರಿಂದ ಟೂಲು ವೇಳೆ ನೋಡುತ್ತದೆ. ಹಿಂದೆ ಮಾಡಿಟ್ಟ ತುಣುಕಿಗಿಂತ ಫೈಲು ಹೊಸದಾಗಿದ್ದರೆ ಮಾತ್ರ ಮತ್ತೆ ತಿರುಗಿಸುತ್ತದೆ. ಹಳೆಯದಾಗಿದ್ದರೆ ಹಳೇ ತುಣುಕನ್ನೇ ಸೇರಿಸಿಬಿಡುತ್ತದೆ.

ಈ ವರ್ಷ ಟೂಲನ್ನು ಹಳೇ ವಿಂಡೋಸ್ ಕಂಪ್ಯೂಟರಿನಿಂದ ಲಿನಕ್ಸ್ ಎಂಬ ಬೇರೆ ವ್ಯವಸ್ಥೆಯ ಹೊಸ ಕಂಪ್ಯೂಟರಿಗೆ ಸಾಗಿಸಬೇಕಾಗಿ ಬಂತು. ಫೈಲುಗಳು ಹಳೇ ಯಂತ್ರದಲ್ಲೇ ಉಳಿದವು, ಕಟ್ಟುವ ಕೆಲಸ ಹೊಸದರಲ್ಲಿ. ಹೊಸ ಯಂತ್ರ ತನ್ನೊಳಗಿದ್ದ ನಮ್ಮ ದೇಶದ ವೇಳೆಯನ್ನು ಲಂಡನ್ನಿನ ವೇಳೆ ಎಂದು ತಿಳಿದು, ಅದರ ಮೇಲೆ ಇನ್ನೊಂದು ಐದೂವರೆ ಗಂಟೆ ಸೇರಿಸಿಕೊಂಡು ಕೂತಿತ್ತು. ಬೆಳಗ್ಗೆ ಹತ್ತಕ್ಕೆ ಮಾಡಿದ ತುಣುಕಿಗೆ ಮಧ್ಯಾಹ್ನ ಮೂರೂವರೆಯ ಮುದ್ರೆ. ಮಧ್ಯಾಹ್ನ ಹನ್ನೆರಡಕ್ಕೆ ಯಾರಾದರೂ ಅದೇ ಫೈಲನ್ನು ತಿದ್ದಿದರೆ ಟೂಲಿನ ಕಣ್ಣಿಗೆ ಅದು ಹಳೆಯದು. ತಿದ್ದಿದ್ದು ಅಲ್ಲೇ ಬಿದ್ದಿರುತ್ತದೆ, ಹಳೇ ತುಣುಕು ಒಳಗೆ ಹೋಗುತ್ತದೆ.

ಶುಭಾ ಅದನ್ನು ಕಂಡುಹಿಡಿದಿದ್ದಳು. ಎರಡು ಗಡಿಯಾರ ಹೊಂದದಿದ್ದರೆ ಕಟ್ಟುವ ಕೆಲಸ ಅಲ್ಲೇ ನಿಲ್ಲಬೇಕು ಎಂದು ಟೂಲಿಗೆ ತಡೆ ಹಾಕಿದ್ದಳು. ಮೊದಲ ದಿನವೇ ಕೆಲಸ ನಿಂತಿತು. ಗಡಿಯಾರ ಸರಿಮಾಡುವ ಪಾಸ್‌ವರ್ಡು ಇದ್ದದ್ದು ಯಂತ್ರಗಳನ್ನು ಗುತ್ತಿಗೆ ಹಿಡಿದ ಇನ್ನೊಂದು ಏಜೆನ್ಸಿಯ ಹತ್ತಿರ. ಅವರಿಗೆ ದೂರು ಕೊಟ್ಟರೆ ಹನ್ನೆರಡು ದಿನ. ಗಿರಾಕಿಗಳಿಗೆ ಪ್ರೋಗ್ರಾಂ ಕಳಿಸಬೇಕಾದದ್ದು ಮಾರನೇ ದಿನ. ಚಹಾದ ಮೆಷಿನ್ನಿನ ಮುಂದೆ ಮುರಳೀಕೃಷ್ಣ ಹೇಳಿದ: "ನಿಲ್ಲಿಸ್ಬೇಡಮ್ಮ. ಒಂದು ವಾರ್ನಿಂಗ್ ತೋರಿಸ್ಲಿ, ಮುಂದಕ್ಕೆ ಹೋಗ್ಲಿ. ಆಮೇಲೆ ನೋಡೋಣ." ಪಕ್ಕದಲ್ಲಿ ಲೋಟ ಹಿಡಿದು ನಿಂತಿದ್ದವನು ಹನುಮೇಶ, ಪ್ರೋಗ್ರಾಂ ಪರೀಕ್ಷೆ ಮಾಡುವವನು. "ಬಿಡಿ ಶುಭಕ್ಕ, ಏಳ್ನೂರು ವಾರ್ನಿಂಗ್ ಬರುತ್ತೆ, ಏಳ್ನೂರ ಒಂದಾಗ್ಲಿ. ಯಾವನ್ ಓದ್ತಾನೆ?" ಎಂದು ಅವನು ನಕ್ಕಿದ್ದ. ಅವಳೂ ನಕ್ಕಿದ್ದಳು.

ನಲವತ್ತೊಂದನೇ ಬದಲಾವಣೆ ಅದು. "ಗಡಿಯಾರ ವ್ಯತ್ಯಾಸ: ತಡೆ ತೆಗೆದು ಎಚ್ಚರಿಕೆ ಮಾತ್ರ. ಶುಭಾ."

ಭಾನುವಾರ ಬೆಳಗ್ಗೆ ಅವಳು ಲಗ್ಗೆರೆಗೆ ಹೋದಳು. ಯಾಕೆ ಹೋದಳು ಎಂದು ಕೇಳಿದರೆ ಮಾನವೀಯತೆಗೆ ಎನ್ನುವಂತಿಲ್ಲ. ಆ ಹುಡುಗಿಯ ಬಾಯಿಂದಲೇ "ಟೇಪು ನಾನೇ ಹಾಕಿದ್ದೆ" ಎನ್ನುವುದನ್ನು ಕೇಳಬೇಕಿತ್ತು. ಕೇಳಿದರೆ ಸೋಮವಾರ ಆ ಸಾಲನ್ನು ಅಳಿಸುವುದು ಸುಲಭವಾಗುತ್ತದೆ ಎಂಬ ಲೆಕ್ಕಾಚಾರ.

ಬೋರ್‌ವೆಲ್ ರಸ್ತೆಯ ಹಿಂದಿನ ಸಾಲುಮನೆಗಳಲ್ಲಿ ಒಂದು. ಎರಡು ಕೋಣೆ, ಹೊರಗೆ ನೀರಿನ ಡ್ರಮ್ಮು. ಬಿಂದುಶ್ರೀಗೆ ಇಪ್ಪತ್ನಾಲ್ಕು ಇರಬಹುದು. ಬಲಗೈ ಮೊಣಕೈವರೆಗೆ ಬಟ್ಟೆ ಸುತ್ತಿ ದಿಂಬಿನ ಮೇಲಿತ್ತು. ಅವಳ ತಾಯಿ ಅಕ್ಕಯ್ಯಮ್ಮ ತಟ್ಟೆಯಿಂದ ಉಪ್ಪಿಟ್ಟು ತೆಗೆದು ತಿನ್ನಿಸುತ್ತಿದ್ದವಳು ಎದ್ದು, "ಯಾರವ್ವ? ಸಂಘದಿಂದ ಬಂದ್ರಾ?" ಎಂದಳು.

"ಪ್ರೋಗ್ರಾಂ ಮಾಡೋ ಕಂಪನಿಯಿಂದ."

"ಓ, ತಪ್ಪು ನಮ್ದೇ ಅಂತ ಸಹಿ ಹಾಕಿಸ್ಕೊಳೋಕೆ? ಹಾಕಿಸ್ಕೊಳ್ರವ್ವ. ಯಾವ ಕೈಲಿ ಹಾಕ್ಬೇಕು, ಅದೂ ನೀವೇ ಹೇಳ್ಬುಡಿ!"

"ಸುಮ್ನಿರಮ್ಮ ನೀನು" ಅಂದಳು ಬಿಂದುಶ್ರೀ. "ಕುಂತ್ಕೊಳಿ ಮೇಡಂ. ಏನ್ ಕೇಳ್ಬೇಕು?"

ಶುಭಾ ಟೇಪಿನ ವಿಷಯ ಕೇಳಿದಳು. ಹುಡುಗಿ ಮುಚ್ಚಿಡಲಿಲ್ಲ.

"ಟೇಪ್ ಇತ್ತು. ನಮ್ಮ ಸೂಪರ್‌ವೈಜರ್ರೇ ಹಾಕ್ಸೋದು, ದಿನಾ ಇರುತ್ತೆ. ಒಂದ್ ಕೈಲಿ ತಗಡು ಇಡು, ಒಂದ್ ಕೈಲಿ ಒತ್ತು, ಅಂದ್ರೆ ಗಂಟೆಗೆ ನೂರು ಪೀಸ್ ಜಾಸ್ತಿ. ಬ್ಯಾಡ ಅಂದೋರು ನಾಳೆಯಿಂದ ಬರೋದು ಬ್ಯಾಡ. ಹೋದ್ ವರ್ಷ ಪಕ್ಕದ್ ಶೆಡ್ಡಲ್ಲಿ ಒಬ್ಳಿಗೆ ಹಿಂಗೇ ಆಯ್ತು. ಆಗ್ಲೇ ನಾವೆಲ್ಲ ಸೇರಿ ಅರ್ಜಿ ಕೊಟ್ಟಿದ್ದು, ಟೇಪ್ ಹಾಕಿದ್ರೆ ಮಿಷಿನ್ ಇಳೀಬಾರ್ದು, ಹಂಗ್ ಮಾಡ್ಸಿ ಅಂತ."

ಶುಭಾಳಿಗೆ ಗೊತ್ತಿತ್ತು. ಮೂವತ್ತೆಂಟನೇ ಬದಲಾವಣೆ ಅದೇ. ಆ ಫೈಲನ್ನು ತಿದ್ದಿ ಮುಗಿಸಿದ್ದು, ಹೊಸ ಯಂತ್ರ ಅದರ ತುಣುಕನ್ನು ಬೆಳಗ್ಗೆ ಹತ್ತಕ್ಕೆ ಮಾಡಿಟ್ಟಿದ್ದ ದಿನವೇ, ಮಧ್ಯಾಹ್ನ ಹನ್ನೆರಡಕ್ಕೆ. ಹನುಮೇಶ ಪರೀಕ್ಷೆ ಮಾಡಿದ್ದು ಹಳೇ ವಿಂಡೋಸ್ ಯಂತ್ರದಲ್ಲಿ ಕಟ್ಟಿದ್ದನ್ನು, ಅಲ್ಲಿ ಪಾಸಾಗಿತ್ತು. ಗಿರಾಕಿಗಳಿಗೆ ಹೋದದ್ದು ಹೊಸ ಯಂತ್ರದಲ್ಲಿ ಕಟ್ಟಿದ್ದು.

"ಆವತ್ತು ಬೆಳಗ್ಗೆ ಹೊಸ ಪ್ರೋಗ್ರಾಂ ಹಾಕಿದ್ರು. ನಿಮ್ ಕಂಪನಿ ಚೀಟಿನ ಗೋಡೆಗೆ ಅಂಟ್ಸಿದ್ರು. ನಾನೇ ಓದ್ದೆ ಎಲ್ರಿಗೂ. ಒಂದು ಗುಂಡಿ ಒತ್ತಿಯೇ ಇದ್ದರೆ ಯಂತ್ರ ಇಳಿಯುವುದಿಲ್ಲ, ಅಂತ. ಚಪ್ಪಾಳೆ ಹೊಡುದ್ವಿ ಮೇಡಂ. ಗೆದ್ವಿ ಅಂತ." ಅವಳು ಎಡಗೈಯಿಂದ ದಿಂಬನ್ನು ಸರಿಮಾಡಿಕೊಂಡಳು. "ನನ್ ಮಿಷಿನ್ನಲ್ಲಿ ಹಿಂದಿನ್ ಶಿಫ್ಟಿನ ಪೀಸ್ ಒಂದು ಸಿಕ್ಕಾಕ್ಕೊಂಡಿತ್ತು. ಟೇಪೂ ಹಂಗೇ ಇತ್ತು. ಬೇರೆ ದಿನ ಆಗಿದ್ರೆ ಮೊದ್ಲು ಟೇಪ್ ಕಿತ್ತು, ಮೈನ್ ಆಫ್ ಮಾಡಿ, ಆಮೇಲೆ ಕೈ ಹಾಕೋಳು. ಆವತ್ತು ಅಂದ್ಕೊಂಡೆ, ಟೇಪ್ ಇರೋವಷ್ಟೊತ್ತೂ ಇದು ಇಳಿಯಲ್ವಲ್ಲ, ಇದೇ ಸೇಫು. ಬಗ್ಗಿ ಬಲಗೈ ಹಾಕ್ದೆ. ಎಡಮೊಣಕೈ ಇನ್ನೊಂದ್ ಗುಂಡಿಗೆ ತಾಕ್ತು."

ಅಕ್ಕಯ್ಯಮ್ಮ ತಟ್ಟೆಯನ್ನು ನೆಲಕ್ಕಿಟ್ಟಳು.

ಶುಭಾ ಹಾಕಿಕೊಂಡು ಬಂದ ಲೆಕ್ಕಾಚಾರ ಅಲ್ಲಿಗೆ ಮುಗಿಯಿತು. ಈ ಹುಡುಗಿ ತಪ್ಪು ಮಾಡಿದ್ದಳು, ನಿಜ. ಶುಭಾಳ ಕಂಪನಿ ಅಚ್ಚು ಹಾಕಿ ಕೊಟ್ಟ ಮಾತನ್ನು ನಂಬಿದ್ದಳು. ಅಪನಂಬಿಕೆಯಲ್ಲಿ ಬದುಕಿದ್ದಷ್ಟು ದಿನ ಅವಳ ಹತ್ತೂ ಬೆರಳು ಉಳಿದಿದ್ದವು. ನಂಬಿದ ಮೊದಲ ದಿನ, ಮೊದಲ ಪೀಸಿಗೆ, ನಾಲ್ಕು ಹೋದವು.

"ಆ ಚೀಟಿಯಲ್ಲಿದ್ದದ್ದು ಪ್ರೋಗ್ರಾಮಿನಲ್ಲಿ ಇರ್ಲಿಲ್ಲ. ನಾನು ಹಾಕಿದ್ದ ಒಂದು ತಡೆ ತೆಗ್ದೆ. ಅದಕ್ಕೇ ಒಳಗೆ ಹೋಗ್ಲಿಲ್ಲ" ಎಂದಳು ಶುಭಾ.

ಬಿಂದುಶ್ರೀ ಅವಳ ಕೈಗಳನ್ನು ನೋಡಿದಳು. "ನೀವಾಗೇ ತೆಗುದ್ರಾ? ಯಾರಾದ್ರೂ ಹೇಳಿದ್ರಾ?"

"ಹೇಳಿದ್ರು."

"ಹೇಳ್ದೋರ ಹೆಸ್ರು ಬರುದ್ರಾ?"

"ಇಲ್ಲ."

"ಹೂಂ. ನಮ್ ಸೂಪರ್‌ವೈಜರ್ರೂ ಹಂಗೇ. ಟೇಪ್ ಹಾಕು ಅಂತ ಬಾಯಲ್ಲಿ ಹೇಳ್ತಾನೆ, ಹಾಕೋದು ನಾವು. ಫೋಟೋದಲ್ಲಿ ನಮ್ ಟೇಪ್ ಬರುತ್ತೆ, ಅವನ್ ಬಾಯಿ ಬರಲ್ಲ."

"ನೀವ್ ಇವತ್ತು ಇಲ್ಗೆ ಬಂದು ಅತ್ರೆ ನಮ್ಗೇನವ್ವ ಬಂತು?" ಅಕ್ಕಯ್ಯಮ್ಮನ ದನಿ ಏರಿತು. ಅಷ್ಟು ಹೊತ್ತಿಗೆ ಶುಭಾ ಅಳುತ್ತಿದ್ದಳು. "ನಾಳೆ ಆ ಇನ್‌ಸ್ಪೆಟ್ರು ಮುಂದೆ ಹೇಳಿ. ನನ್ ಮಗ್ಳು ತನ್ ಕೈ ತಾನೇ ತಿಂದ್ಳು ಅಂತ ಊರೆಲ್ಲ ಸಾರ್ತಾವ್ರೆ. ಅದ್ನ ತೊಳೀರಿ ಮೊದ್ಲು. ಆಮ್ಯಾಕೆ ಅಳೀರಂತೆ."

ಸೋಮವಾರ ಬೆಳಗ್ಗೆ ಶುಭಾ ಪಟ್ಟಿಯನ್ನು ತೆರೆದು ಯಾವುದನ್ನೂ ಅಳಿಸಲಿಲ್ಲ. ಕೆಳಗೆ ಹೊಸ ಸಾಲೊಂದನ್ನು ಸೇರಿಸಿದಳು: "ನಲವತ್ತೊಂಬತ್ತು. ತಡೆ ಮತ್ತೆ ಹಾಕಿದೆ. ನಲವತ್ತೊಂದನ್ನು ಮುರಳೀಕೃಷ್ಣ ಅವರ ಬಾಯಿಮಾತಿನ ಮೇಲೆ ಮಾಡಿದ್ದೆ, ಹನುಮೇಶ ಇದ್ದರು. ಮೂವತ್ತೆಂಟನೇ ಬದಲಾವಣೆ ಗಿರಾಕಿಗಳಿಗೆ ಹೋದ ಪ್ರೋಗ್ರಾಮಿನಲ್ಲಿ ಇಲ್ಲ. ಶುಭಾ." ಆ ಪ್ರೋಗ್ರಾಂ ಎಷ್ಟು ಕಡೆ ಹೋಗಿದೆ ಎಂದು ಎಣಿಸಿ, ವಿಳಾಸಗಳನ್ನೂ ಪ್ರೆಸ್ಸಿನ ನಂಬರುಗಳನ್ನೂ ಬರೆದಿಟ್ಟುಕೊಂಡಳು. ಹದಿನೆಂಟು ಶೆಡ್ಡು. ಹದಿನೆಂಟು ಗೋಡೆಯ ಮೇಲೆ ಅದೇ ಚೀಟಿ.

ಮೂರು ಗಂಟೆಗೆ ಇನ್‌ಸ್ಪೆಕ್ಟರು ಬಂದರು. ಬೋಳುತಲೆಯ, ನಿವೃತ್ತಿಗೆ ಹತ್ತಿರದ ಮನುಷ್ಯ. ಕನ್ನಡಕ ಹಣೆಗೇರಿಸಿ ಪಟ್ಟಿಯನ್ನು ಎರಡು ಸಲ ಓದಿದರು. ಮುರಳೀಕೃಷ್ಣ ಹೊಸ ಸಾಲನ್ನು ನೋಡಿದ್ದು ಆಗಲೇ. ಮುಖ ಕಪ್ಪಾಯಿತು. ಒಂದೇ ಕ್ಷಣ.

"ಗುಂಡಿ ಟೇಪಿನ ವಿಷಯ ಹಾಗಾದ್ರೆ ಮುಖ್ಯ ಅಲ್ಲ" ಎಂದರು ಇನ್‌ಸ್ಪೆಕ್ಟರು. "ಟೇಪ್ ಇದ್ದಿದ್ರಿಂದಲೇ ಪ್ರೆಸ್ಸು ನಿಲ್ಲಬೇಕಿತ್ತು. ಆ ಹುಡುಗಿ ತಪ್ಪಲ್ಲ. ಈ ತಡೆ ತೆಗೆದದ್ದು ಯಾರು?"

"ನಾನು ಸಾರ್. ಚಹಾ ಮೆಷಿನ್ ಹತ್ರ ಇವರು ಹೇಳಿದ್ದು" ಎಂದಳು ಶುಭಾ.

"ನಾನು ಆಮೇಲೆ ನೋಡೋಣ ಅಂತಷ್ಟೇ ಅಂದಿದ್ದು ಸಾರ್" ಅಂದ ಮುರಳೀಕೃಷ್ಣ. "ತಾಂತ್ರಿಕ ತೀರ್ಮಾನ ಅವರದ್ದೇ. ಹೆಸರೂ ಅವರದ್ದೇ ಇದೆ, ನೋಡಿ. ಇವತ್ತು ಬೆಳಗ್ಗೆ ಕೂತು ನನ್ನ ಹೆಸರು ಸೇರಿಸಿದಾರೆ. ಇವತ್ತು ಬೆಳಗ್ಗೆ!"

ಇನ್‌ಸ್ಪೆಕ್ಟರು ಹನುಮೇಶನನ್ನು ಕರೆಸಿದರು. ಅವನು ಬಾಗಿಲಲ್ಲೇ ನಿಂತ.

"ಚಹಾ ಮೆಷಿನ್ ಹತ್ರ ಇವರು ಹೇಳಿದ್ದು ನೀವು ಕೇಳಿದ್ರಾ?"

ಹನುಮೇಶ ಶುಭಾಳನ್ನು ನೋಡಲಿಲ್ಲ, ಮುರಳೀಕೃಷ್ಣನನ್ನೂ ನೋಡಲಿಲ್ಲ. ಬ್ಯಾಡರಹಳ್ಳಿಯಲ್ಲಿ ಅವನು ಕಟ್ಟಿಸುತ್ತಿದ್ದ ಮನೆಗೆ ಮೊನ್ನೆ ತಾನೇ ಮೇಲ್ಛಾವಣಿ ಹಾಕಿಸಿದ್ದ; ಸಂಬಳ ನಿಂತರೆ ಆ ಕೆಲಸವೂ ನಿಲ್ಲುತ್ತಿತ್ತು.

"ಆ ಮೆಷಿನ್ ತುಂಬ ಸದ್ದು ಮಾಡುತ್ತೆ ಸಾರ್. ನಂಗೇನೂ ಕೇಳಿಸ್ಲಿಲ್ಲ."

ಇನ್‌ಸ್ಪೆಕ್ಟರು ವರದಿ ಬರೆದರು. ಶೆಡ್ಡಿನ ಸೂಪರ್‌ವೈಜರನ ಹೆಸರು ಅದರಲ್ಲಿ ಇರಲಿಲ್ಲ, ಮುರಳೀಕೃಷ್ಣನದು ಇರಲಿಲ್ಲ. ಬಿಂದುಶ್ರೀಯ ಹೆಸರಿನ ಮುಂದೆ "ಕಾರ್ಮಿಕ ಮಹಿಳೆಯ ತಪ್ಪಿಲ್ಲ" ಎಂದಿತ್ತು. ಶುಭಾಳ ಹೆಸರಿನ ಮುಂದೆ ತಡೆ ತೆಗೆದ ತಪ್ಪಿನ ಬಗ್ಗೆ ಮೂರು ಸಾಲಿತ್ತು. ಅವಳು ಓದಿ ಸಹಿ ಹಾಕಿದಳು.

"ಸಾರ್, ಉಳಿದ ಹದಿನೇಳು ಶೆಡ್ಡು? ಅಲ್ಲೂ ಇದೇ ಪ್ರೋಗ್ರಾಂ ಓಡ್ತಾ ಇದೆ, ಈಗ, ಈ ಹೊತ್ತಿಗೆ."

"ನಾನು ಬಂದಿರೋದು ಲಗ್ಗೆರೆ ಅಪಘಾತಕ್ಕಮ್ಮ. ಉಳಿದದ್ದಕ್ಕೆ ಬೇರೆ ಬೇರೆ ದೂರು ಬೇಕು. ಒಂದೊಂದು ಶೆಡ್ಡಿಗೆ ಒಂದೊಂದು."

"ಹೊಸ ಪ್ರೋಗ್ರಾಂ ಕಳಿಸ್ತೀವಿ ಸಾರ್, ಮುಂದಿನ ತಿಂಗಳ ರಿಲೀಸಲ್ಲಿ" ಎಂದ ಮುರಳೀಕೃಷ್ಣ. ಆಮೇಲೆ ಅವಳ ಕಡೆ ತಿರುಗಿ, ಅದೇ ಮನೆಯ ಹಿರಿಯನ ದನಿಯಲ್ಲಿ, "ನೀನು ಮನೆಗೆ ಹೋಗಮ್ಮ. ನಿನ್ನ ಲಾಗಿನ್ ಈಗ ತೆಗೆಸಿದೀನಿ."

ಶುಭಾ ಮನೆಗೆ ಹೋಗಲಿಲ್ಲ. ಕೆಳಗಿನ ಜೆರಾಕ್ಸ್ ಅಂಗಡಿಯಲ್ಲಿ ಹದಿನೇಳು ಬಿಳೀ ಹಾಳೆ ತೆಗೆದುಕೊಂಡು ಅಲ್ಲೇ ಕಟ್ಟೆಯ ಮೇಲೆ ಕೂತು ದೂರು ಬರೆಯತೊಡಗಿದಳು, ಶೆಡ್ಡಿಗೊಂದು. ಶೆಡ್ಡಿನ ವಿಳಾಸ, ಪ್ರೆಸ್ಸಿನ ನಂಬರು, ಏನು ತಪ್ಪಾಗಿದೆ, ತಪ್ಪು ಮಾಡು ಎಂದು ಹೇಳಿದವರು ಯಾರು, ಮಾಡಿದವಳು ಯಾರು. ಪ್ರತಿಯೊಂದರ ಕೊನೆಗೂ ಎರಡು ಹೆಸರು. ಮೊದಲನೆಯದನ್ನು ಮಡಚಿಟ್ಟು ಎರಡನೆಯದಕ್ಕೆ ಕೈ ಹಾಕುವಾಗ ಐದು ಗಂಟೆಯಾಗಿತ್ತು. ಐದಕ್ಕೆ ಶೆಡ್ಡುಗಳಲ್ಲಿ ಶಿಫ್ಟು ಬದಲಾಗುತ್ತದೆ. ಹಿಂದಿನವರು ಬಿಟ್ಟುಹೋದ ಯಂತ್ರದ ಮುಂದೆ ಹೊಸಬರು ಬಂದು ನಿಲ್ಲುತ್ತಾರೆ. ಇನ್ನೂ ಹದಿನಾರು ಹಾಳೆ ಖಾಲಿ ಇದ್ದವು. ಅವಳು ಅಕ್ಷರಗಳನ್ನು ದುಂಡಗೆ ಬರೆಯುವುದನ್ನು ಬಿಟ್ಟು ಬೇಗಬೇಗ ಬರೆಯತೊಡಗಿದಳು.