ಹಸಿರು ಪೆನ್ನಿನ ಸಹಿ

ಜೈಬುನ್ನೀಸಾಗೆ ಬೇಕಾಗಿದ್ದದ್ದು ಒಂದೇ ಒಂದು ಸಹಿ. ಜರ್ಮನಿಯಲ್ಲಿ ಓದಲು ಸೀಟು ಸಿಕ್ಕಿತ್ತು; ವಿದ್ಯಾರ್ಥಿವೇತನದ ಅರ್ಜಿಗೆ ಇವತ್ತೇ ಕಡೆಯ ದಿನ, ಸಂಜೆ ಐದರೊಳಗೆ. ಲಕ್ಷ್ಮೇಶ್ವರದಿಂದ ಮೊದಲ ಬಸ್ಸಿಗೇ ಅಪ್ಪ ಖಾಸಿಂಸಾಬನ ಜೊತೆ ಗದಗಿನ ಅಲ್ಪಸಂಖ್ಯಾತರ ಕಲ್ಯಾಣ ಕಚೇರಿಗೆ ಬಂದರೆ, ಗುಮಾಸ್ತ ಕಾಗದಗಳನ್ನೆಲ್ಲ ತಿರುವಿ, "ಎಲ್ಲಾ ಸರಿ ಐತಿ. ಅರ್ಜಿ ಕೆಳಗ ಜಿಲ್ಲಾ ಅಧಿಕಾರಿ ಸಾಹೇಬ್ರ ಸಹಿ ಆಗಬೇಕು. ಅವರು ಸಭಾಭವನದಾಗ ಅದಾರ," ಎಂದ.

ಅಲ್ಲಿ ಅಲ್ಪಸಂಖ್ಯಾತ ವಿದ್ಯಾರ್ಥಿಗಳನ್ನು ವಿದೇಶ ವ್ಯಾಸಂಗಕ್ಕೆ ಹುರಿದುಂಬಿಸುವ ಕಾರ್ಯಕ್ರಮ. ಹತ್ತೂವರೆಗೆ ಶುರುವಾಗಬೇಕಾದದ್ದು, ಮುಖ್ಯ ಅತಿಥಿ ಮುಂಡರಗಿಯ ಯಾವುದೋ ಗೃಹಪ್ರವೇಶದ ಊಟ ಮುಗಿಸಿ ಬರುವವರೆಗೆ ಕಾದು, ಎರಡೂವರೆಗೆ ಶುರುವಾಯಿತು. ಅಷ್ಟು ಹೊತ್ತೂ ಸಾಹೇಬರು ಹಾರ ಹಿಡಿದು ಗೇಟಿನಲ್ಲೇ ನಿಂತಿದ್ದರು. ಅವಳು ಎರಡು ಸಲ ಹತ್ತಿರ ಹೋದರೂ ಮುಖ ನೋಡದೆ, "ಆಮ್ಯಾಲ," ಎಂದರು. ಇವರಿಗೆಲ್ಲ ಹೊತ್ತು ಪುಕ್ಕಟೆ ಸಿಕ್ಕಿದೆ.

ಸಾಹೇಬರು ಮೈಕು ಹಿಡಿದರು. "ಮಾಗಡಿ ಕೆರಿಗೆ ಬರೋ ಹಕ್ಕಿ ನೋಡ್ರಿ. ಸಾವಿರಾರು ಮೈಲಿ ಹಾರಿ ಬರತಾವ. ಪರದೇಶಕ್ಕ ಹೋಗಾಕ ನೀವ್ಯಾಕ ಅಂಜತೀರಿ?"

ಹಕ್ಕಿಗೆ ನಿಮ್ಮ ಸಹಿ ಬೇಕಿಲ್ಲವಲ್ಲ, ಎಂದು ಜೈಬುನ್ನೀಸಾಗೆ ಮೈಯೆಲ್ಲ ಉರಿಯಿತು. ಗಂಟೆ ನಾಲ್ಕು ದಾಟಿತ್ತು.

"ಅಬ್ಬಾ, ನಾ ಸ್ಟೇಜ್ ಮ್ಯಾಲ ಹೋಗ್ತೀನಿ."

"ತಡಿಯವ್ವಾ, ದೊಡ್ಡ ಮಂದಿ ಮಾತಾಡಾಕತ್ತಾರ," ಎಂದು ಖಾಸಿಂಸಾಬ ಅವಳ ಕೈ ಹಿಡಿದ. ಮೂವತ್ತು ವರ್ಷ ಹೊಲಿಗೆ ಮಷಿನ್ನಿನ ಮುಂದೆ ತಲೆ ತಗ್ಗಿಸಿದವನಿಗೆ ದೊಡ್ಡವರ ಮುಂದೆಯೂ ಅದೇ ರೂಢಿ. ಅವಳು ಕೈ ಬಿಡಿಸಿಕೊಂಡು ವೇದಿಕೆ ಹತ್ತಿದಳು.

"ಸರ್, ಇದೊಂದು..." ಎಂದು ಅರ್ಜಿ ಚಾಚಿದಳಷ್ಟೇ. ವೇದಿಕೆಗೆ ಕಾಗದ ತಂದವರೆಲ್ಲ ಮನವಿ ಕೊಡುವವರೇ ಎಂಬುದು ಸಾಹೇಬರ ಇಪ್ಪತ್ತು ವರ್ಷದ ಅನುಭವ. ಅರ್ಜಿಯ ಇನ್ನೊಂದು ತುದಿ ಹಿಡಿದು ಕ್ಯಾಮೆರಾದತ್ತ ನಕ್ಕರು. ಮುಖ್ಯ ಅತಿಥಿಯೂ ಒಂದು ಬೆರಳು ತಾಗಿಸಿದರು. ಫೋಟೊ ಆದ ಮೇಲೆ ಸಾಹೇಬರು ಓದದೆಯೇ ಅದರ ಮೇಲ್ತುದಿಯಲ್ಲಿ ಹಸಿರು ಪೆನ್ನಿನಿಂದ ಏನೋ ಗೀಚಿ, ಸಹಿ ಹಾಕಿ ಕೊಟ್ಟರು. "ಆತು. ಆಫೀಸಿಗೆ ಕೊಡವಾ."

ಅಪ್ಪ ಮಗಳು ಓಡೋಡಿ ಕಚೇರಿ ಮುಟ್ಟಿದಾಗ ಐದಕ್ಕೆ ಎಂಟು ನಿಮಿಷ ಇತ್ತು. "ಸಹಿ ಆತ್ರಿ," ಎಂದು ಖಾಸಿಂಸಾಬ ಏದುಸಿರಿನಲ್ಲೇ ನಕ್ಕ.

ಗುಮಾಸ್ತ ಹಸಿರು ಸಾಲನ್ನು ಓದಿದ: "ಪರಿಶೀಲಿಸಿ ಸೂಕ್ತ ಕ್ರಮಕ್ಕಾಗಿ, ಜಿಲ್ಲಾ ಅಧಿಕಾರಿಗೆ." ಆಮೇಲೆ ತಲೆ ಕೆರೆದುಕೊಂಡ. "ಸಾಹೇಬ್ರು ತಮಗ ತಾವ ಬರಕೊಂಡಾರ. ಕೆಳಗಿನ ಸಹಿ ಜಾಗ ಖಾಲಿನ ಐತಿ. ನಾಳಿ ಬರ್ರಿ."

"ನಾಳಿ ಬಂದು ಏನ್ ಮಾಡೋದ್ರಿ?" ಎಂದಳು ಜೈಬುನ್ನೀಸಾ. ಅವನು ಅರ್ಜಿಯನ್ನು ಅವಳತ್ತ ಸರಿಸಿದ.

ಹುಟ್ಟಿದಾಗಿನಿಂದ ದನಿ ಏರಿಸದ ಖಾಸಿಂಸಾಬ, "ಕರೀರಿ ಅವರನ್ನ, ಈಗ ಕರೀರಿ," ಎಂದು ಮೇಜು ಕುಟ್ಟತೊಡಗಿದ. ಕೇಳಬೇಕಾದವರು ಸಭಾಭವನದಲ್ಲಿ ಶಾಲು ಹೊದಿಸಿಕೊಳ್ಳುತ್ತಿದ್ದರು. ಐದು ಹೊಡೆಯಿತು, ಅವನು ಕುಟ್ಟುತ್ತಲೇ ಇದ್ದ. ಜೈಬುನ್ನೀಸಾ ಅಪ್ಪನ ಕೈ ಹಿಡಿಯಲಿಲ್ಲ.